ನಾಲ್ಕು ಕಾಲಿನ ಗೇಣಿ

ನಮ್ಮ ಸೌಸೆ ಪೇಟೆಯಲ್ಲಿ ಒಬ್ಬ ಮನುಷ್ಯನ ಯೋಗ್ಯತೆ ಅಳೆಯಲು ಒಂದೇ ಒಂದು ಪ್ರಶ್ನೆ ಸಾಕು. "ಎಷ್ಟು ತಲೆ?" ಎಂದು ಕೇಳುತ್ತಾರೆ. ದನದ ತಲೆ, ಅಷ್ಟೇ. ಭುಜದ ಮೇಲಿರುವ ತಲೆಯ ಬಗ್ಗೆ ತಾಕ್ವರೆಂಬೋ ಸೀಮೆಯಲ್ಲಿ ಯಾರೂ ಅಷ್ಟಾಗಿ ವಿಚಾರಿಸುವುದಿಲ್ಲ. ಇನ್ನೂರು ತಲೆ ಇದ್ದವನಿಗೆ ಪೇಟೆಯ ಹೋಟೆಲಿನಲ್ಲಿ ಕುರ್ಚಿ ಸಿಗುತ್ತದೆ, ಮುನ್ನೂರು ಇದ್ದವನಿಗೆ ಕಿಟಕಿ ಪಕ್ಕದ ಕುರ್ಚಿ. ಆ ದನಗಳ ಪಕ್ಕೆಲುಬುಗಳನ್ನು ಬೇಲಿಯ ಆಚೆಯಿಂದಲೇ ಎಣಿಸಬಹುದು ಎನ್ನುವುದು ಬೇರೆ ಮಾತು.

ದೋನ್ ಒಲೆಗಾರಿಯೊ ಬೆಂಟಂಕೋರ್ ಕಿಟಕಿ ಪಕ್ಕದ ಕುರ್ಚಿಯವನು. ಮುನ್ನೂರು ಹೆಕ್ಟೇರು ಹುಲ್ಲುಗಾವಲು, ಮುನ್ನೂರು ತಲೆ. ಪ್ರತಿ ಹೊಸವರ್ಷದ ಬೆಳಿಗ್ಗೆ ದನವನ್ನೆಲ್ಲ ದೊಡ್ಡಿಗೆ ಕೂಡಿ, ಒಂದೊಂದಾಗಿ ಗೇಟು ದಾಟಿಸಿ ಎಣಿಸುವುದು ಆ ಮನೆಯ ಪದ್ಧತಿ. ಅಪ್ಪ ಒಂದು ಕಡೆ, ಮಗ ವಾಷಿಂಗ್ಟನ್ ಇನ್ನೊಂದು ಕಡೆ ನಿಂತು ಎಣಿಸುತ್ತಿದ್ದರು. ಮಗಳು ಎರ್ಸೀಲಿಯ ಗೇಟು ಹಿಡಿಯುತ್ತಿದ್ದಳು. ಒಂದು ಸಲ, ಹತ್ತು ಹನ್ನೆರಡು ವರ್ಷದವಳಿದ್ದಾಗ, ಅಪ್ಪನ ಲೆಕ್ಕ ತಪ್ಪಿದ್ದನ್ನು ಅವಳು ಗೇಟಿನ ಮೇಲಿಂದ ಕೂಗಿ ಹೇಳಿದ್ದಳು. "ಎಣಿಸೋದು ಗಂಡಸರ ಕೆಲಸ. ನೀನು ಗೇಟು ನೋಡ್ಕೊ" ಎಂದು ಅಪ್ಪ ಬಾಯಿ ಮುಚ್ಚಿಸಿದ. ಅವಳು ಬಾಯಿ ಮುಚ್ಚಿದಳು. ಮರೆಯಲಂತೂ ಇಲ್ಲ.

ವಾಷಿಂಗ್ಟನ್ ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು. ದೊಡ್ಡ ಹೆಸರಿಟ್ಟುಕೊಂಡು ಪೇಟೆಗೆ ಹೋಗಿ ಮೊಳೆ, ಬೀಗ, ಬೇಲಿ ತಂತಿ ಮಾರುವ ಅಂಗಡಿ ತೆರೆದ. ಎರ್ಸೀಲಿಯ ಅಪ್ಪನ ಜೊತೆ ಉಳಿದಳು. ಮದುವೆಗೆ ಕೇಳಿಕೊಂಡು ಇಬ್ಬರು ಬಂದಿದ್ದರಂತೆ. ಇಬ್ಬರೂ ಹುಡುಗಿಗಿಂತ ಹೆಚ್ಚು ಹೊತ್ತು ಹುಲ್ಲುಗಾವಲನ್ನೇ ನೋಡಿದರು ಎಂದು ಅವಳೇ ನಗುತ್ತಾ ಹೇಳುತ್ತಿದ್ದಳು.

ಆ ಗಾವಲಿನಲ್ಲಿ ಅವಳು ಕಂಡದ್ದು ಬಾಲಗಳನ್ನು. ಆಗಸ್ಟ್ ಬಂತೆಂದರೆ ನಮ್ಮಲ್ಲಿ ಚಳಿಗಾಲದ ಕೊನೆ. ಅಷ್ಟು ಹೊತ್ತಿಗೆ ಮುನ್ನೂರು ಬಾಯಿ ಮೇಯ್ದ ನೆಲ ಕ್ಷೌರ ಮಾಡಿದ ಕೆನ್ನೆಯಂತಾಗಿರುತ್ತಿತ್ತು. ಬಡಕಲು ಹಸುಗಳು ರಾತ್ರಿ ಮಲಗಿದರೆ ಬೆಳಿಗ್ಗೆ ಏಳುತ್ತಿರಲಿಲ್ಲ. ಅಪ್ಪ ಕೊಂಬು ಹಿಡಿಯುತ್ತಿದ್ದ, ಎರ್ಸೀಲಿಯ ಬಾಲ ಹಿಡಿದು ಮೇಲೆತ್ತುತ್ತಿದ್ದಳು. ಎದ್ದ ಹಸು ನಾಲ್ಕು ಹೆಜ್ಜೆ ನಡೆದು ನಿಂತರೆ ಅಪ್ಪ ಟೋಪಿ ಸರಿಮಾಡಿಕೊಂಡು, "ತಲೆ ಉಳೀತು" ಎನ್ನುತ್ತಿದ್ದ. ಅದು ಆ ವರ್ಷ ಗಬ್ಬ ಕಟ್ಟುವುದಿಲ್ಲ, ಕರು ಹಾಕುವುದಿಲ್ಲ, ಮಾರಲು ಹೋದರೆ ಚರ್ಮದ ಬೆಲೆಯೂ ಬರುವುದಿಲ್ಲ. ಆದರೂ ತಲೆ ತಲೆಯೇ. ಚಳಿಗಾಲದ ಮೇಲೆ ಚಳಿಗಾಲ ಬಾಲ ಎತ್ತಿ ಎತ್ತಿ ಅವಳ ಸೊಂಟ ಹೋಯಿತು. ಸೆಗಣಿ ಮೆತ್ತಿದ ಕೈಯನ್ನು ಹೊಳೆಯಲ್ಲಿ ತೊಳೆಯುತ್ತಾ ಒಂದು ದಿನ ತನಗೆ ತಾನೇ ಹೇಳಿಕೊಂಡಳು, ಈ ನೆಲ ನನ್ನ ಕೈಗೆ ಬಂದ ದಿನದಿಂದ ಒಂದು ಹಸುವಿನ ಬಾಲವನ್ನೂ ಮುಟ್ಟುವುದಿಲ್ಲ ಎಂದು.

ಅಪ್ಪ ತೀರಿಕೊಂಡಾಗ ಅವಳಿಗೆ ಐವತ್ತರ ಹತ್ತಿರ. ನೆಲ ಎರಡು ಪಾಲಾಯಿತು. ಗುಡ್ಡದ ಕಡೆಯದು ಅಕ್ಕನಿಗೆ, ಹೊಳೆಯ ಕಡೆಯದು ತಮ್ಮನಿಗೆ. ದನ ಅಕ್ಕನಿಗೆ ಬಂತು, ಪೇಟೆಯ ಮನೆ ತಮ್ಮನಿಗೆ ಹೋಯಿತು. ತಮ್ಮನ ಅರ್ಧವನ್ನು ಅಕ್ಕನೇ ಗೇಣಿಗೆ ಮಾಡುವುದು ಎಂದು ಮಾತಾಯಿತು. ನಮ್ಮಲ್ಲಿ ಗೇಣಿಯನ್ನು ಪೆಸೊ ಲೆಕ್ಕದಲ್ಲಿ ಹೇಳುವುದಿಲ್ಲ, ಪೆಸೊ ಇವತ್ತಿದ್ದಂತೆ ನಾಳೆ ಇರುವುದಿಲ್ಲ. ಹೋರಿಯ ಕಿಲೋ ಲೆಕ್ಕದಲ್ಲಿ ಹೇಳುತ್ತೇವೆ. ಹೆಕ್ಟೇರಿಗೆ ನಲವತ್ತು ಕಿಲೋ ಎಂದರೆ, ಗೇಣಿ ಕಟ್ಟುವ ದಿನ ಅಷ್ಟು ಕಿಲೋ ಹೋರಿಗೆ ಪೇಟೆಯಲ್ಲಿ ಏನು ಬೆಲೆಯೋ ಅಷ್ಟು ಹಣ. ಕಿಲೋ ಬರೀ ಬಾಯಿಮಾತಿನದು. ನಿಜವಾದ ಹೋರಿಯನ್ನು ಗೇಣಿಗೆಂದು ಹೊಡೆದುಕೊಂಡು ಹೋದವರನ್ನು ನಾವ್ಯಾರೂ ನೋಡಿರಲಿಲ್ಲ.

ಪಾಲಾದ ತಿಂಗಳಲ್ಲೇ ಎರ್ಸೀಲಿಯ ನೂರು ತಲೆ ಮಾರಿಬಿಟ್ಟಳು. ಮುದಿ ಹಸು, ಗೊಡ್ಡು ಹಸು, ಎರಡು ವರ್ಷಕ್ಕೊಮ್ಮೆ ಕರು ಹಾಕುವ ಸೋಮಾರಿ ಹಸು, ಎಲ್ಲವೂ ಲಾರಿ ಹತ್ತಿದವು. ಬಂದ ಹಣದಲ್ಲಿ ತಮ್ಮನ ಅಂಗಡಿಯಿಂದಲೇ ಕರೆಂಟು ಬೇಲಿಯ ತಂತಿ ಕೊಂಡಳು. ಅಕ್ಕ ಎಂದು ಅವನು ಒಂದು ಪೆಸೊ ಕೂಡ ಬಿಡಲಿಲ್ಲ, ಅದನ್ನೂ ಹೇಳಿಬಿಡಬೇಕು.

"ಅಪ್ಪನ ಗೋರಿ ಮೇಲಿನ ಹೂ ಒಣಗೋಕೆ ಮುಂಚೆ ಅವನ ದನ ಮಾರ್ದಲ್ಲಕ್ಕಾ!" ಎಂದು ವಾಷಿಂಗ್ಟನ್ ತಂತಿ ಸುತ್ತುತ್ತಲೇ ಗೋಳಾಡಿದ. "ಮುನ್ನೂರು ಇತ್ತು. ಜನ ಏನಂತಾರೆ?"

"ಜನ ಬಂದು ಬಾಲ ಎತ್ತಲಿ, ಆಮೇಲೆ ಮಾತಾಡ್ಲಿ," ಎಂದಳು ಎರ್ಸೀಲಿಯ.

ಜನ ಮಾತಾಡಿದರು. ಎಲ್ಲರಿಗಿಂತ ಜೋರಾಗಿ ಮಾತಾಡಿದವನು ದೋನ್ ಲಿಂದೋಲ್ಫೊ, ಪಕ್ಕದ ಗಾವಲಿನ ಒಡೆಯ, ಐನೂರು ತಲೆಯ ಆಸಾಮಿ. ಎರ್ಸೀಲಿಯ ಗಾವಲನ್ನು ತಂತಿಯಿಂದ ತುಂಡು ತುಂಡು ಮಾಡಿ, ಒಂದು ತುಂಡಿನಲ್ಲಿ ದನ ಬಿಟ್ಟು ಉಳಿದ ತುಂಡುಗಳಿಗೆ ರಜೆ ಕೊಟ್ಟಿದ್ದಳು. ಬೇಲಿಯ ಮೇಲೆ ಮೊಣಕೈ ಊರಿ ಅವನು ಕೂಗಿದ: "ಏನವ್ವಾ ಎರ್ಸೀಲಿಯ, ದನಕ್ಕೆ ಹುಲ್ಲು ಸಾಕ್ತೀಯೋ, ಹುಲ್ಲಿಗೆ ದನ ಸಾಕ್ತೀಯೋ? ಇಷ್ಟುದ್ದ ಬೆಳ್ಸಿದೀಯಲ್ಲ, ಜಡೆ ಹಾಕ್ತೀಯಾ?"

"ಜಡೆ ಹಾಕಿ ನಿಮ್ ದನಕ್ಕೆ ತೋರಿಸ್ತೀನಿ ದೋನ್ ಲಿಂದೋಲ್ಫೊ. ಪಾಪ, ಅವು ಹುಲ್ಲು ಅಂದ್ರೆ ಹೆಂಗಿರತ್ತೆ ಅಂತ ಮರ್ತಿರ್ತವೆ."

ಅವಳ ಲೆಕ್ಕ ಗುಟ್ಟಿನದೇನಲ್ಲ. ದನ ತಿನ್ನುವುದರಲ್ಲಿ ಮೊದಲ ಪಾಲು ಜೀವ ಹಿಡಿದುಕೊಳ್ಳುವುದಕ್ಕೇ ಹೋಗುತ್ತದೆ, ಮಿಕ್ಕಿದ್ದು ಮಾತ್ರ ಮೈಗೆ ಹತ್ತುತ್ತದೆ. ಮೈಗೆ ಹತ್ತಿದ್ದಕ್ಕೆ ಮಾತ್ರ ಪೇಟೆಯವರು ಹಣ ಕೊಡುತ್ತಾರೆ. ಮುನ್ನೂರು ಬಾಯಿ ಮೇಯ್ದರೆ ಎಲ್ಲವೂ ಬದುಕುತ್ತವೆ, ಒಂದೂ ಕೊಬ್ಬುವುದಿಲ್ಲ. ನೂರು ಬಾಯಿ ಕಡಿಮೆಯಾದರೆ ಉಳಿದವು ಹೊಟ್ಟೆ ತುಂಬಾ ತಿಂದು ವರ್ಷಕ್ಕೊಂದು ಕರು ಹಾಕುತ್ತವೆ, ಐದು ವರ್ಷಕ್ಕೆ ತಯಾರಾಗುತ್ತಿದ್ದ ಹೋರಿ ಮೂರಕ್ಕೇ ತಯಾರಾಗುತ್ತದೆ. ಸೌಸೆಯ ಗಂಡಸರಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದರೂ ಕಿಟಕಿ ಪಕ್ಕದ ಕುರ್ಚಿ ಬಿಡಲು ಯಾರಿಗೂ ಮನಸ್ಸಿರಲಿಲ್ಲ.

ಮೂರು ಚಳಿಗಾಲ ಕಳೆದವು. ಎರ್ಸೀಲಿಯಳ ಗಾವಲಿನಲ್ಲಿ ಯಾವ ಹಸುವೂ ಮಲಗಿದಲ್ಲೇ ಉಳಿಯಲಿಲ್ಲ. ಅಷ್ಟರಲ್ಲಿ ನಮ್ಮ ಸೀಮೆಗೆ ನೀಲಗಿರಿ ಬಂತು.

ಕಾಗದ ಮಾಡುವ ಕಂಪನಿಯೊಂದರ ಜನ ಬಿಳಿ ಜೀಪಿನಲ್ಲಿ ಬಂದು ಗುಡ್ಡಗಳನ್ನು ಗೇಣಿಗೆ ಹಿಡಿಯತೊಡಗಿದರು. ಸಾಲು ಸಾಲು ನೀಲಗಿರಿ ನೆಡುವುದು, ಹತ್ತಾರು ವರ್ಷ ನೆಲದ ಕಡೆ ತಿರುಗಿಯೂ ನೋಡದೆ ಹಣ ಎಣಿಸಿಕೊಳ್ಳುವುದು. ಒಂದು ಭಾನುವಾರ ವಾಷಿಂಗ್ಟನ್ ಪಕ್ಕೆಲುಬಿನ ಮಾಂಸ ಕಟ್ಟಿಸಿಕೊಂಡು ಅಕ್ಕನ ಮನೆಗೆ ಬಂದ. ಅವನು ದುಡ್ಡು ಕೊಟ್ಟು ಮಾಂಸ ತಂದದ್ದು ನೋಡಿದಾಗಲೇ ಅವಳಿಗೆ ಏನೋ ಎಡವಟ್ಟಿದೆ ಎನಿಸಿತು. ಲಿಂದೋಲ್ಫೊ ಕೂಡ ಹೊಗೆಯ ವಾಸನೆ ಹಿಡಿದು ಬೇಲಿ ದಾಟಿ ಬಂದ. ಕೆಂಡದ ಮೇಲೆ ಮಾಂಸ ಬೇಯುತ್ತಿತ್ತು, ಮಾಟೆ ಎಲೆಯ ಬಿಸಿ ಕಷಾಯ ತುಂಬಿದ ಸೋರೆಬುರುಡೆ ಕೈಯಿಂದ ಕೈಗೆ ಸಾಗುತ್ತಿತ್ತು.

"ಅಕ್ಕಾ, ನನ್ನ ಅರ್ಧ ನೀಲಗಿರಿಯವರಿಗೆ ಕೊಡೋಣ ಅಂತ," ಎಂದ ವಾಷಿಂಗ್ಟನ್, ಕೆಂಡವನ್ನೇ ನೋಡುತ್ತಾ. "ಹೆಕ್ಟೇರಿಗೆ ಅರವತ್ತು ಕಿಲೋಗೆ ಸಮ ಆಗತ್ತೆ. ನೀನು ಕೊಡೋದು ನಲವತ್ತು."

ಎರ್ಸೀಲಿಯ ಬುರುಡೆಯನ್ನು ಕೆಳಗಿಟ್ಟಳು. ಹೊಳೆ ಇರುವುದು ಅವನ ಅರ್ಧದಲ್ಲಿ. ಅಲ್ಲಿ ನೀಲಗಿರಿ ಎದ್ದರೆ ಅವಳ ಗುಡ್ಡದ ದನಕ್ಕೆ ಹನಿ ನೀರಿಲ್ಲ. ನೀರಿಲ್ಲದ ಗುಡ್ಡವನ್ನು ಆಮೇಲೆ ಅವಳೂ ಅದೇ ಬಿಳಿ ಜೀಪಿಗೆ ಒಪ್ಪಿಸಬೇಕಾಗುತ್ತದೆ. ಬೆಂಟಂಕೋರರ ದನ ಅಲ್ಲಿಗೆ ಮುಗಿದಂತೆ, ಅವಳ ಬದುಕೂ.

"ನಾನೂ ಅರವತ್ತು ಕೊಡ್ತೀನಿ," ಎಂದಳು.

ಲಿಂದೋಲ್ಫೊಗೆ ಹೀರುತ್ತಿದ್ದ ಮಾಟೆ ನೆತ್ತಿಗೇರಿತು. "ಹುಲ್ಲಿಂದ ಅರವತ್ತಾ? ನಿನ್ನ ಅರ್ಧದ ದುಡಿಮೇನೂ ಇವನ ಬಾಯಿಗೇ ಸುರೀಬೇಕಾಗತ್ತೆ ಕಣವ್ವಾ."

"ಸುರೀತೀನಿ. ನನ್ನ ಬಾಯಿಗೆ ಬೇಕಾದ್ದು ಕಮ್ಮಿ."

"ಮಾತಲ್ಲಿ ಯಾರು ಬೇಕಾದ್ರೂ ಕೊಡ್ತಾರೆ," ಎಂದ ವಾಷಿಂಗ್ಟನ್. "ನೂರೈವತ್ತು ಹೆಕ್ಟೇರು, ಅರವತ್ತು ಕಿಲೋ. ಒಂಬತ್ತು ಸಾವಿರ ಕಿಲೋ ಅಕ್ಕಾ. ಇಪ್ಪತ್ತೇ ಹೋರಿ, ಪೇಟೆಯ ತಕ್ಕಡೀಲಿ ಒಂದೊಂದೂ ನಾನೂರೈವತ್ತು ತೂಗಬೇಕು. ಮೇ ತಿಂಗಳಿಗೆ."

"ಮೇ ತಿಂಗಳಿಗೆ ಕೊಟ್ರೆ ಐದು ವರ್ಷ ನೀಲಗಿರಿ ಹೆಸರು ಎತ್ತಬಾರ್ದು."

"ಒಂದು ಕಿಲೋ ಕಮ್ಮಿ ಆದ್ರೂ ಸಹಿ ಹಾಕ್ತೀನಿ."

"ಹಾಕು. ದೋನ್ ಲಿಂದೋಲ್ಫೊ, ಕೇಳಿಸ್ಕೊಂಡ್ರಲ್ಲ?"

ಲಿಂದೋಲ್ಫೊ ಎಲುಬು ಚೀಪುತ್ತಾ ತಲೆ ಆಡಿಸಿದ. ಅವನಿಗಂತೂ ಪುಕ್ಕಟೆ ಊಟದ ಜೊತೆ ಪುಕ್ಕಟೆ ತಮಾಷೆ ಸಿಕ್ಕಿತ್ತು.

ಎರ್ಸೀಲಿಯ ಮಂದೆಯಲ್ಲಿ ಇಪ್ಪತ್ತು ಹೋರಿ ಆರಿಸಿದಳು. ಬೇಸಿಗೆಯ ಮೊದಲರ್ಧ ಅವನ್ನು ಗುಡ್ಡದ ಮೇಲೆ ಮೇಯಿಸಿ, ನೀರಿಗೆ ಹೊಳೆಯ ಮೇಲ್ತುದಿಯಲ್ಲಿ ಒಂದು ಓಣಿ ಮಾತ್ರ ಬಿಟ್ಟು, ದಂಡೆಯ ಉಳಿದ ತುಂಡನ್ನು ಯಾವ ಬಾಯಿಯೂ ಮುಟ್ಟದಂತೆ ಕಟ್ಟಿಟ್ಟಳು. ಅಲ್ಲಿಯ ಹುಲ್ಲು ಮೊಣಕಾಲು ದಾಟಿತು. ಕೊನೆಯ ಮೂರು ತಿಂಗಳು ಆ ಹುಲ್ಲಿನ ಮೇಲೆ ಬಿಟ್ಟರೆ ತೂಕ ಬಂದೇ ಬರುತ್ತದೆ ಎಂಬುದು ಅವಳ ಎಣಿಕೆ. ಸಂಜೆ ಅದರ ಅಂಚಿನಲ್ಲಿ ನಿಂತು ನೋಡುವುದೇ ಅವಳಿಗೆ ಹಬ್ಬ.

ಜನವರಿಯಲ್ಲಿ ಅವಳ ಹೆಣ್ಣುಕುದುರೆ ಹಾವಿಗೆ ಬೆಚ್ಚಿ ಅವಳನ್ನು ಕೆಡವಿತು. ಕಾಲು ಊದಿ ಕುಂಬಳಕಾಯಿಯಾಯಿತು. ಒಂದು ತಿಂಗಳು ಮಂಚದ ಮೇಲಿದ್ದಳು. ಗುಡ್ಡದ ಹೋರಿಗಳನ್ನು ಕೂಲಿಯವನೊಬ್ಬ ನೋಡಿಕೊಂಡ. ಹೊಳೆಯ ತುಂಡು ಗುಡ್ಡದ ಆಚೆ ಮಗ್ಗುಲಿಗೆ. ಹುಲ್ಲಿಗೆ ಕಾವಲೇಕೆ ಎಂದು ಯಾರೂ ಆ ಕಡೆ ಹೋಗಲಿಲ್ಲ.

ಕೊನೆಗೆ ಕುಂಟುತ್ತಾ ಕುದುರೆ ಹತ್ತಿ ಗುಡ್ಡದ ನೆತ್ತಿಗೆ ಬಂದು ಕೆಳಗೆ ನೋಡಿದಳು. ಹೊಳೆಯ ದಂಡೆಯಲ್ಲಿ ಹೋರಿಗಳು, ನೂರಕ್ಕೆ ಕಡಿಮೆಯಿಲ್ಲ. ಒಂದೂ ಅವಳದಲ್ಲ. ಪ್ರತಿಯೊಂದರ ತೊಡೆಯ ಮೇಲೂ ಲಿಂದೋಲ್ಫೊನ ಅಚ್ಚು. ಹುಲ್ಲು ಪಾದ ಮುಚ್ಚುವಷ್ಟೂ ಉಳಿದಿರಲಿಲ್ಲ.

ಅವಳು ಆಗ ಅತ್ತಳು. ಇದನ್ನು ಅವಳೇ ಆಮೇಲೆ ಹೇಳಿದ್ದು, ಮುಚ್ಚಿಡಲಿಲ್ಲ. ಕುದುರೆಯ ಮೇಲೆ ಕೂತೇ ಗಟ್ಟಿಯಾಗಿ ಅತ್ತು, ಮೂಗು ಒರೆಸಿಕೊಂಡು, ಚಾವಟಿ ಬಿಚ್ಚಿ ಕೆಳಗಿಳಿದಳು. ನಾಯಿ ಒಂದು ಕಡೆ, ಅವಳು ಒಂದು ಕಡೆ. ನೂರು ಹೋರಿಯನ್ನೂ ಗೇಟಿನಾಚೆ ದೂಡಿ, ರಸ್ತೆಗುಂಟ ಲಿಂದೋಲ್ಫೊನ ಮನೆ ಬಾಗಿಲಿಗೇ ಹೊಡೆದುಕೊಂಡು ಹೋದಳು. ಅವನು ಒಳಂಗಿಯಲ್ಲೇ ಹೊರಗೋಡಿ ಬಂದ. ಅವನ ಹೆಂಡತಿಯ ಹೂವಿನ ಗಿಡಗಳೊಳಗೆ ಹೋರಿಗಳು ಮೂಗು ತೂರಿಸಿದ್ದವು.

"ಏಯ್, ಏನಮ್ಮಾ ಇದು? ದುಡ್ಡು ಕೊಟ್ಟು ಮೇಯಿಸಿದೀನಿ!"

"ಯಾರಿಗೆ ಕೊಟ್ರಿ?"

"ನಿನ್ನ ತಮ್ಮಂಗೆ! ತಲೆಗೆ ಮೂರು ಕಿಲೋ, ಒಂದು ತಿಂಗಳಿಗೆ. ನೂರು ತಲೆ, ಮುನ್ನೂರು ಕಿಲೋ ದುಡ್ಡು ಎಣಿಸ್ಕೊಂಡ. ಅಕ್ಕ ಒಪ್ಪಿದಾಳೆ ಅಂದ. ಹುಲ್ಲು ಸುಮ್ನೆ ಒಣಗ್ತಿದೆ ಅಂದ."

"ಅವನು ಅಂದ. ನಾನು ಮಂಚದ ಮೇಲಿದ್ದೆ, ಬೇಲಿ ಪಕ್ಕದಲ್ಲೇ. ನೀವು ಕೇಳಿದ್ರಾ?"

ಲಿಂದೋಲ್ಫೊ ತಲೆ ಕೆರೆದುಕೊಂಡ. ಕೇಳಿರಲಿಲ್ಲ. ಅವನ ನೆಲದಲ್ಲಿ ಕಡ್ಡಿ ಹುಲ್ಲಿರಲಿಲ್ಲ. ಹೊಟ್ಟೆಗಿಲ್ಲದ ನೂರು ಹೋರಿಗಳ ಮುಂದೆ ನ್ಯಾಯ ಕೇಳುವ ವ್ಯವಧಾನ ಯಾರಿಗಿರುತ್ತದೆ?

ತಮ್ಮನ ಹತ್ತಿರ ಅವಳು ಜಗಳಕ್ಕೆ ಹೋಗಲಿಲ್ಲ. ಸೌಸೆಯವರಿಗೆ ಇದು ಆಶ್ಚರ್ಯ. ಸೋತಳು, ಬಾಯಿ ಬಿದ್ದುಹೋಯಿತು ಎಂದು ಹೋಟೆಲಿನಲ್ಲಿ ಮಾತಾಡಿಕೊಂಡರು. ಅವಳು ಹಿಂದಿನ ಮಳೆಗೆ ಚಿಗುರಿದ ತುಂಡುಗಳಲ್ಲಿ ಇಪ್ಪತ್ತು ಹೋರಿಯನ್ನು ದಿನಕ್ಕೊಂದು ಪಟ್ಟಿಯಂತೆ, ತಂತಿ ಸರಿಸಿ ಸರಿಸಿ ಮೇಯಿಸಿದಳು. ಕುಂಟುಕಾಲಿನಲ್ಲೇ ದಿನವೂ ತಂತಿಗೂಟ ಕಿತ್ತು ನೆಟ್ಟಳು. ಹೊಳೆಯ ದಂಡೆ ಮತ್ತೆ ಒಂದಿಷ್ಟು ಹಸಿರಾಯಿತು, ಮೊದಲಿನಂತೆ ಅಲ್ಲ.

ಮೇ ತಿಂಗಳು ಬಂತು. ತೂಕದ ಹಿಂದಿನ ಸಂಜೆ ಲಿಂದೋಲ್ಫೊ ಬೇಲಿಗೆ ಬಂದ. ಹೂವಿನ ಗಿಡದ ದಿನದಿಂದ ಅವನ ಮಾತು ಸ್ವಲ್ಪ ಮೆತ್ತಗಾಗಿತ್ತು. "ಎರ್ಸೀಲಿಯ, ರಾತ್ರಿ ಕೈತುಂಬಾ ಉಪ್ಪು ಹಾಕು. ಬೆಳಿಗ್ಗೆ ತೂಕಕ್ಕೆ ಮುಂಚೆ ನೀರು ಬಿಡು. ಒಂದೊಂದೂ ಹದಿನೈದು ಇಪ್ಪತ್ತು ಕಿಲೋ ನೀರು ಕುಡೀತವೆ. ಎಲ್ರೂ ಮಾಡೋದೇ."

"ನಾನು ಹುಲ್ಲಿನ ಗೇಣಿ ಕಟ್ತಾ ಇರೋದು. ಹೊಳೆ ನೀರನ್ನ ತೂಗಿಸೋಕಲ್ಲ."

"ಕಮ್ಮಿ ಬಿದ್ರೆ?"

"ಬಿದ್ರೆ ನೋಡ್ಕೋತೀನಿ. ನಾಳೆ ನೀವೂ ಬನ್ನಿ, ಸಾಕ್ಷಿ ನೀವೇ."

ಹೋರಿಗಳನ್ನು ರಾತ್ರಿಯಿಡೀ ಖಾಲಿ ದೊಡ್ಡಿಯಲ್ಲಿ ಕೂಡಿದಳು. ಬೆಳಿಗ್ಗೆ ಲಾರಿ ಕರೆಯಲಿಲ್ಲ. ಕುದುರೆ, ನಾಯಿ, ಇಪ್ಪತ್ತು ಹೋರಿ, ಹೆದ್ದಾರಿ. ಪೇಟೆಯ ದನದ ಸಂತೆಯ ಅಂಗಳಕ್ಕೆ ಬರುವಷ್ಟರಲ್ಲಿ ಅವಳ ಹಿಂದೆ ಎರಡು ಬಸ್ಸು, ಒಂದು ಬಿಳಿ ಜೀಪು ಸಾಲುಗಟ್ಟಿದ್ದವು. ಬಿಳಿ ಜೀಪು ಹಾರ್ನ್ ಹೊಡೆದೇ ಹೊಡೆಯಿತು. ಅವಳು ಕ್ಯಾರೇ ಎನ್ನಲಿಲ್ಲ.

ವಾಷಿಂಗ್ಟನ್ ಪಾಲಿಶ್ ಹಾಕಿದ ಬೂಟಿನಲ್ಲಿ ಬಂದಿದ್ದ. ಹೋಟೆಲಿನ ಕುರ್ಚಿಗಳೆಲ್ಲ ಖಾಲಿಯಾಗಿ ಜನ ತಕ್ಕಡಿಯ ಸುತ್ತ ನೆರೆದಿದ್ದರು. ಹೋರಿಗಳು ಐದೈದಾಗಿ ತಕ್ಕಡಿ ಹತ್ತಿದವು. ಮೈ ಮಿರಮಿರ ಮಿಂಚುತ್ತಿತ್ತು, ಬೆನ್ನು ಹಾಸಿಗೆಯಷ್ಟು ಅಗಲ. ಇಂಥ ಹೋರಿಗಳನ್ನು ಸೌಸೆಯ ಗಾವಲಿನಲ್ಲಿ ನೋಡಿ ಕಾಲವಾಗಿತ್ತು. ನಗಲು ಬಂದವರು ನಗುವುದನ್ನು ಮರೆತರು. ತಕ್ಕಡಿಯವನು ಕೊನೆಯ ಐದನ್ನು ಇಳಿಸಿ, ಕೂಡಿಸಿ, ಗಂಟಲು ಸರಿಮಾಡಿಕೊಂಡ.

"ಎಂಟು ಸಾವಿರದ ಎಂಟುನೂರ ತೊಂಬತ್ತು."

ನೂರಹತ್ತು ಕಿಲೋ ಕಮ್ಮಿ.

ವಾಷಿಂಗ್ಟನ್ ಅಕ್ಕನ ಮುಖ ನೋಡಲಿಲ್ಲ. "ಚೆನ್ನಾಗಿ ಸಾಕಿದೀಯ ಅಕ್ಕಾ, ಇಲ್ಲ ಅನ್ನಲ್ಲ. ಆದ್ರೆ ಮಾತು ಮಾತೇ. ಕಮ್ಮಿ ಅಂದ್ರೆ ಕಮ್ಮಿ."

"ಮಾತು ಮಾತೇ," ಎಂದಳು ಎರ್ಸೀಲಿಯ, ಕುದುರೆಯಿಂದ ಇಳಿಯದೆ. "ದೋನ್ ಲಿಂದೋಲ್ಫೊ, ಜನವರಿಯಲ್ಲಿ ನಿಮ್ಮ ಹೋರಿಗಳು ಎಲ್ಲಿ ಮೇಯ್ದವು?"

ಲಿಂದೋಲ್ಫೊಗೆ ಬೆವರು ಬಂತು. ಐನೂರು ತಲೆಯ ಒಡೆಯ ತನ್ನ ಗಾವಲಿನಲ್ಲಿ ಹುಲ್ಲಿರಲಿಲ್ಲ ಎಂದು ಇಡೀ ಪೇಟೆಯ ಮುಂದೆ ಹೇಳಬೇಕು. ಕಿಟಕಿ ಪಕ್ಕದ ಕುರ್ಚಿ ಕಣ್ಣೆದುರು ಅಲ್ಲಾಡಿತು. ಅವನು ಎದುರಿಗಿದ್ದ ಹೋರಿಗಳನ್ನು ನೋಡಿದ, ಆಮೇಲೆ ಅವಳ ಕುಂಟುಕಾಲನ್ನು ನೋಡಿದ.

"ಹೊಳೆ ದಂಡೇಲಿ," ಎಂದ. "ಈಕೆ ಗೇಣಿಗೆ ಮಾಡ್ತಿರೋ ನೆಲದಲ್ಲಿ. ನನ್ನದ್ರಲ್ಲಿ ಹುಲ್ಲಿರ್ಲಿಲ್ಲ. ಮುನ್ನೂರು ಕಿಲೋ ದುಡ್ಡು ವಾಷಿಂಗ್ಟನ್ ಕೈಗೆ ಕೊಟ್ಟೆ."

ಜನರ ತಲೆಗಳೆಲ್ಲ ಒಟ್ಟಿಗೆ ವಾಷಿಂಗ್ಟನ್ ಕಡೆ ತಿರುಗಿದವು.

"ಗೇಣಿ ಕಟ್ಟೋಳು ನಾನು. ಹುಲ್ಲು ನಂದು. ಮಾರ್ಕೊಂಡೋನು ನೀನು," ಎಂದಳು ಎರ್ಸೀಲಿಯ. "ಆ ಮುನ್ನೂರು ಕಿಲೋ ಜನವರಿಯಿಂದ ನಿನ್ನ ಜೇಬಲ್ಲಿದೆ ಕಣೋ. ಅದನ್ನೂ ತಕ್ಕಡಿಗೆ ಹಾಕು. ನೂರಹತ್ತು ಹೋಗ್ಲಿ. ಇನ್ನು ನೂರತೊಂಬತ್ತು ನೀನೇ ನಂಗೆ ಕೊಡ್ಬೇಕು. ಏನಪ್ಪಾ, ನಾನು ಎಣಿಸಿದ್ದು ತಪ್ಪಾ?"

ಯಾರೋ ಹಿಂದಿನಿಂದ ಕಿಸಕ್ಕೆಂದರು. ಆಮೇಲೆ ಇಡೀ ಅಂಗಳವೇ ನಕ್ಕಿತು. ಈ ಸಲ ಅವಳನ್ನು ನೋಡಿ ಅಲ್ಲ. ವಾಷಿಂಗ್ಟನ್ ಮುಖ ಕೆಂಪಡರಿತು. ಕೆಟ್ಟವನಲ್ಲ ಅವನು, ಸುಲಭದ ದುಡ್ಡು ಕಂಡರೆ ಕಣ್ಣು ಮಂಜಾಗುವ ಅಂಗಡಿಯವನು. ಕೊನೆಗೆ ಬಿಳಿ ಜೀಪಿನವನ ಕಡೆ ಕೈ ಅಲ್ಲಾಡಿಸಿ, "ಐದು ವರ್ಷ ಆದ್ಮೇಲೆ ಬನ್ನಿ" ಎಂದ.

"ಆಮೇಲೂ ಬರೋದು ಬೇಡ," ಎಂದಳು ಎರ್ಸೀಲಿಯ. ಕುದುರೆ ತಿರುಗಿಸಿದಳು, ನಾಯಿಗೆ ಶಿಳ್ಳೆ ಹಾಕಿದಳು.

ವಾಷಿಂಗ್ಟನ್ ಗಾಬರಿಯಾದ. "ಅಕ್ಕಾ! ಎಲ್ಲಿಗೆ? ಹೋರಿಗಳು?"

"ಗೇಣಿ ಕಣೋ. ಕಿಲೋ ಅಂದೆ, ಕಿಲೋ ತಂದಿದೀನಿ. ನಿಂಗೇ."

"ನಾನಿವನ್ನ ಏನು ಮಾಡ್ಲಿ? ಅಂಗಡೀಲಿ ಕಟ್ಲಾ?" ಇಪ್ಪತ್ತು ಹೋರಿಗಳು ಅವನ ಸುತ್ತ ನಿಂತು ಬಾಯಾರಿಕೆಗೆ ಕೂಗುತ್ತಿದ್ದವು. ಒಂದು ಅವನ ಪಾಲಿಶ್ ಬೂಟಿನ ಮೇಲೆಯೇ ಸೆಗಣಿ ಹಾಕಿತು.

"ಮೊದ್ಲು ಎಣಿಸ್ಕೊ," ಎಂದು ಕೂಗಿ ಹೇಳಿದಳು ಎರ್ಸೀಲಿಯ, ಆಗಲೇ ಗೇಟು ದಾಟಿದ್ದಳು. "ನಮ್ಮನೇಲಿ ಎಣಿಸೋದು ಗಂಡಸರ ಕೆಲಸ ತಾನೆ?"

ಗೇಟನ್ನು ಮಾತ್ರ ಅವಳು ಹಿಡಿಯಲಿಲ್ಲ. ಅದು ಅವಳ ಬೆನ್ನ ಹಿಂದೆ ತನ್ನಷ್ಟಕ್ಕೆ ತಾನೇ ಬಡಿದುಕೊಂಡಿತು.